ಬಚ್ಚಲುಮನೆಯ ಗೋಡೆಯ ಬೂಷ್ಟು: ನೀರಿನ ಮೂಲ ಹುಡುಕುವುದರಿಂದ ಬಣ್ಣ ಬಳಿಯುವವರೆಗೆ

ಜೂನ್ ತಿಂಗಳ ಮಳೆ ಹಿಡಿದು ಒಂದೆರಡು ವಾರ ಕಳೆಯುವಷ್ಟರಲ್ಲಿ ಕರಾವಳಿ, ಮಲೆನಾಡು ಮತ್ತು ಕೊಡಗಿನ ಹೆಚ್ಚಿನ ಮನೆಗಳ ಬಚ್ಚಲುಮನೆಯಲ್ಲಿ ಚಾವಣಿಯ ಮೂಲೆಗಳಿಂದ ಆರಂಭಿಸಿ ಟೈಲ್ಸ್ ಸಂದುಗಳವರೆಗೆ ಕರಿಯ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಬೆಂಗಳೂರು, ಮೈಸೂರಿನಂತಹ ಊರುಗಳಲ್ಲಿ ಮಳೆ ಕಡಿಮೆಯಿದ್ದರೂ, ಕಿಟಕಿ ಸರಿಯಿಲ್ಲದ ಅಟ್ಯಾಚ್ಡ್ ಬಾತ್‌ರೂಮ್‌ಗಳಲ್ಲಿ ಡಿಸೆಂಬರ್–ಜನವರಿಯ ಚಳಿಯಲ್ಲೂ ಇದೇ ತೊಂದರೆ ಎದುರಾಗುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಅಂಗಡಿಯಿಂದ ಬ್ಲೀಚ್ ಇಲ್ಲವೇ ಆ್ಯಸಿಡ್ ತಂದು ಗೋಡೆಗೆ ಸುರಿದು ಉಜ್ಜುವುದು. ಗೋಡೆ ಆ ದಿನ ಬೆಳ್ಳಗಾಗುತ್ತದೆ, ಕೆಲವೇ ವಾರಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಕಪ್ಪಾಗುತ್ತದೆ. ಬೂಷ್ಟನ್ನು ಎಷ್ಟು ಚೆನ್ನಾಗಿ ತೊಳೆದರೂ ಆ ಗೋಡೆಗೆ ನೀರು ಬರುವ ದಾರಿ ತೆರೆದೇ ಇದ್ದರೆ ಶ್ರಮ ವ್ಯರ್ಥ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ತೊಳೆಯುವ ಕೆಲಸಕ್ಕಿಂತ ಮೊದಲು ನೀರಿನ ಮೂಲವನ್ನು ಹುಡುಕುವ ಕೆಲಸವನ್ನು ಇಟ್ಟಿದ್ದೇನೆ, ಮತ್ತು ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬೂಷ್ಟು ಬೆಳೆಯಲು ಬೇಕಾದದ್ದು

ಬೂಷ್ಟು ಒಂದು ಶಿಲೀಂಧ್ರ. ಅದರ ಬೀಜಕಣಗಳು ಎಲ್ಲ ಮನೆಗಳ ಗಾಳಿಯಲ್ಲೂ ವರ್ಷವಿಡೀ ತೇಲಾಡುತ್ತಿರುತ್ತವೆ. ಅವುಗಳನ್ನು ಮನೆಯೊಳಕ್ಕೆ ಬಾರದಂತೆ ತಡೆಯಲು ಯಾರಿಗೂ ಸಾಧ್ಯವಿಲ್ಲ. ಆ ಕಣಗಳು ಕುಳಿತ ಜಾಗದಲ್ಲಿ ತೇವ, ತಿನ್ನಲು ಒಂದಿಷ್ಟು ಸಾವಯವ ವಸ್ತು ಮತ್ತು ಹಿತವಾದ ಬಿಸಿ ಸಿಕ್ಕರೆ ಒಂದೆರಡು ದಿನಗಳಲ್ಲಿ ಎಳೆ ಬಿಡತೊಡಗುತ್ತವೆ. ನಮ್ಮ ರಾಜ್ಯದ ಹವೆಯಲ್ಲಿ ಬಿಸಿಯ ಕೊರತೆ ಯಾವ ತಿಂಗಳಲ್ಲೂ ಇಲ್ಲ. ಟೈಲ್ಸ್ ಮತ್ತು ಸಿಮೆಂಟನ್ನು ಬೂಷ್ಟು ತಿನ್ನುವುದಿಲ್ಲ, ಆದರೆ ಅವುಗಳ ಮೇಲೆ ಕುಳಿತ ಸೋಪಿನ ಪೊರೆ, ಮೈಯ ಜಿಡ್ಡು, ಧೂಳು ಮತ್ತು ಬಣ್ಣದಲ್ಲಿರುವ ಅಂಟು ಅದಕ್ಕೆ ಸಾಕಾಗುತ್ತವೆ. ಎಣ್ಣೆಸ್ನಾನದ ದಿನ ಗೋಡೆಗೆ ಸಿಡಿದ ಹರಳೆಣ್ಣೆ, ಸೀಗೆಪುಡಿ ಮತ್ತು ಕಡಲೆಹಿಟ್ಟಿನ ಕಣಗಳು ಟೈಲ್ಸ್‌ನ ಒರಟು ಸಂದುಗಳಲ್ಲಿ ಉಳಿದುಕೊಂಡರೆ ಅದು ಬೂಷ್ಟಿಗೆ ಇನ್ನೂ ಒಳ್ಳೆಯ ಆಹಾರ. ಯುಗಾದಿ, ದೀಪಾವಳಿಯ ಅಭ್ಯಂಜನದ ಮರುದಿನ ಗೋಡೆಯ ಕೆಳಭಾಗವನ್ನು ಸೋಪಿನ ಬಿಸಿನೀರಿನಿಂದ ತೊಳೆಯುವ ಅಭ್ಯಾಸ ಬಹಳ ಉಪಯುಕ್ತ.

ಈ ಎಲ್ಲದರಲ್ಲಿ ನಾವು ನಿಜವಾಗಿ ಹಿಡಿತಕ್ಕೆ ತರಬಹುದಾದದ್ದು ತೇವವೊಂದನ್ನೇ. ಒಂದು ಲೆಕ್ಕ ನೋಡಿ. 8 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ, 10 ಅಡಿ ಎತ್ತರದ ಬಚ್ಚಲುಮನೆಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಇರುತ್ತದೆ. ಬಿಸಿನೀರಿನ ಸ್ನಾನದ ನಂತರ 28 ಡಿಗ್ರಿಯಲ್ಲಿ ಹಬೆ ತುಂಬಿದ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 27 ಗ್ರಾಂ ನೀರಿನ ಆವಿ ಇರುತ್ತದೆ. ಆದರೆ 18 ಡಿಗ್ರಿಯ ತಣ್ಣನೆಯ ಗೋಡೆಯ ಬಳಿ ಅದೇ ಗಾಳಿ 15 ಗ್ರಾಂಗಿಂತ ಸ್ವಲ್ಪ ಹೆಚ್ಚನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು. ಆ ಗಾಳಿ ಹೊರಗೆ ಹೋಗದೆ ಅಲ್ಲಿಯೇ ತಣ್ಣಗಾದರೆ ನೂರು ಮಿಲಿಲೀಟರಿಗಿಂತ ಹೆಚ್ಚು, ಅಂದರೆ ಅರ್ಧ ಲೋಟದಷ್ಟು ನೀರು ಗೋಡೆ ಮತ್ತು ಚಾವಣಿಯ ಮೇಲೆ ಕಣ್ಣಿಗೆ ಕಾಣದ ಪದರವಾಗಿ ಕೂರುತ್ತದೆ. ಮನೆಯಲ್ಲಿ ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿದರೆ ಮಧ್ಯಾಹ್ನದವರೆಗೂ ಗೋಡೆ ಆರುವುದಿಲ್ಲ.

ಹಿಂದೆ ಮಲೆನಾಡಿನ ಮನೆಗಳಲ್ಲಿ ಇಷ್ಟು ಮಳೆಯಿದ್ದೂ ಬಚ್ಚಲುಮನೆಯ ಗೋಡೆ ಇಷ್ಟು ಕೆಡುತ್ತಿರಲಿಲ್ಲ ಎಂಬ ಹಿರಿಯರ ಮಾತಿನಲ್ಲಿ ಹುರುಳಿದೆ. ಅಲ್ಲಿ ಹಂಡೆಯ ಕೆಳಗಿನ ಒಲೆ ಬೆಳಿಗ್ಗೆಯೂ ಸಂಜೆಯೂ ಉರಿದು ಗೋಡೆಯನ್ನು ಬೆಚ್ಚಗೆ ಇಡುತ್ತಿತ್ತು, ಹೆಂಚಿನ ಸಂದಿನಿಂದ ಹಬೆ ಹೊರಹೋಗುತ್ತಿತ್ತು ಮತ್ತು ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯಲಾಗುತ್ತಿತ್ತು. ಹೊಸ ಸುಣ್ಣ ಬಲವಾದ ಕ್ಷಾರವಾದ್ದರಿಂದ ಅದರ ಮೇಲೆ ಬೂಷ್ಟು ಬೇರೂರುವುದು ಕಷ್ಟ. ಗಾಳಿಯ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಕ್ಷಾರಗುಣ ಕ್ರಮೇಣ ಕಡಿಮೆಯಾಗುವುದರಿಂದ ಮತ್ತೆ ಬಳಿಯಬೇಕಾಗುತ್ತದೆ. ಕಾಂಕ್ರೀಟ್ ಚಾವಣಿ, ಗೀಸರ್ ಮತ್ತು ಪ್ಲಾಸ್ಟಿಕ್ ಬಣ್ಣ ಬಂದ ಮೇಲೆ ಈ ಮೂರೂ ಅನುಕೂಲಗಳು ತಪ್ಪಿದವು. ಅವುಗಳ ಬದಲಿಗೆ ಬರಬೇಕಾಗಿದ್ದ ಎಕ್ಸಾಸ್ಟ್ ಫ್ಯಾನ್ ಮತ್ತು ವಾಟರ್‌ಪ್ರೂಫಿಂಗ್ ಅನೇಕ ಮನೆಗಳಿಗೆ ಇನ್ನೂ ಬಂದಿಲ್ಲ.

ಕಾಣುತ್ತಿರುವುದು ಬೂಷ್ಟೇ ಎಂದು ಖಚಿತಪಡಿಸಿಕೊಳ್ಳುವುದು

ಗೋಡೆಯ ಎಲ್ಲ ಕಲೆಯೂ ಬೂಷ್ಟಲ್ಲ. ಒಣಗಿದಾಗ ಬಿಳಿಯ ಹತ್ತಿಯಂತೆ ಉಬ್ಬಿ, ಬೆರಳಿಟ್ಟರೆ ಪುಡಿಯಾಗಿ, ನೀರಿನಲ್ಲಿ ಕರಗಿಹೋಗುವುದು ಗೋಡೆಯ ಉಪ್ಪು. ಗೋಡೆಯ ಒಳಗೆ ಓಡಾಡುವ ನೀರು ಇಟ್ಟಿಗೆ ಮತ್ತು ಸಿಮೆಂಟಿನ ಲವಣವನ್ನು ಹೊರತಂದು ಬಿಡುವುದರಿಂದ ಅದು ಏಳುತ್ತದೆ. ಉಪ್ಪಿಗೆ ಬ್ಲೀಚ್ ಹಾಕಿ ಪ್ರಯೋಜನವಿಲ್ಲ, ಆದರೆ ಅದು ಗೋಡೆಯ ಒಳಗೆ ನೀರಿದೆ ಎಂಬುದಕ್ಕೆ ಸ್ಪಷ್ಟ ಸಾಕ್ಷಿ. ಬಕೆಟ್ಟಿನ ತಳ, ನಲ್ಲಿಯ ಬುಡ ಮತ್ತು ಸೋಪಿನ ಪೆಟ್ಟಿಗೆಯಲ್ಲಿ ಕಾಣುವ ಗುಲಾಬಿ ಬಣ್ಣದ ಲೋಳೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾದ್ದು. ಸೋಪು ಹಚ್ಚಿ ಉಜ್ಜಿದರೆ ಹೋಗುತ್ತದೆ. ಬಿಸಿಲು ಅಥವಾ ಬೆಳಕು ಬೀಳುವ ಕಿಟಕಿಯ ಬಳಿ ಹಸಿರಾಗಿ ಜಾರುವುದು ಪಾಚಿ. ಕರಿಯ, ಬೂದು ಅಥವಾ ಕಡುಹಸಿರು ಚುಕ್ಕೆಗಳು ಗುಂಪುಗುಂಪಾಗಿ ಹರಡಿ, ಹಳೆಯ ಗೋಣಿಯಂತಹ ಮುಗ್ಗಲು ವಾಸನೆ ಬರುತ್ತಿದ್ದರೆ ಅದು ಬೂಷ್ಟು. ಸಂಶಯವಿದ್ದರೆ ನೀರು ಬೆರೆಸಿದ ಬ್ಲೀಚನ್ನು ಒಂದು ಹನಿ ಕಲೆಯ ಮೇಲೆ ಇಟ್ಟು ಒಂದೆರಡು ನಿಮಿಷ ಕಾಯಿರಿ. ಕಲೆ ಮಾಸಿದರೆ ಬೂಷ್ಟು, ಹಾಗೆಯೇ ಉಳಿದರೆ ಬರೀ ಕೊಳೆ ಎಂದು ತಿಳಿಯಬಹುದು.

ಇಲ್ಲಿ ಒಂದು ಭಯವನ್ನು ನಿವಾರಿಸುವುದು ಅಗತ್ಯ. 2021ರ ಕೋವಿಡ್ ಎರಡನೇ ಅಲೆಯ ಸಮಯದಲ್ಲಿ ಕೇಳಿಬಂದ ಕಪ್ಪು ಶಿಲೀಂಧ್ರ ರೋಗ, ಅಂದರೆ ಮ್ಯೂಕರ್‌ಮೈಕೋಸಿಸ್, ಮುಖ್ಯವಾಗಿ ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ ಇದ್ದವರಲ್ಲಿ ಮತ್ತು ಸ್ಟೀರಾಯ್ಡ್ ಪಡೆದವರಲ್ಲಿ ಕಾಣಿಸಿಕೊಂಡಿತ್ತು. ಬಚ್ಚಲುಮನೆಯ ಗೋಡೆಯನ್ನು ಕಪ್ಪಾಗಿಸುವ ಶಿಲೀಂಧ್ರಗಳು ಸಾಮಾನ್ಯವಾಗಿ ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲಸ್, ಆರಿಯೋಬೆಸಿಡಿಯಂ ಮುಂತಾದ ಬೇರೆ ಜಾತಿಯವು. ಬಣ್ಣ ನೋಡಿ ಯಾವ ಜಾತಿ, ಎಷ್ಟು ಅಪಾಯ ಎಂದು ಹೇಳಲಾಗದು. ಹಾಗೆಂದು ಇದನ್ನು ಹಗುರವಾಗಿ ಕಾಣುವುದೂ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೊರತಂದ ಮಾರ್ಗಸೂಚಿಯು ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಅಲರ್ಜಿ ಮತ್ತು ಅಸ್ತಮಾ ಹೆಚ್ಚು ಎಂದು ಸ್ಪಷ್ಟವಾಗಿ ಹೇಳಿದೆ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಅಥವಾ ಉಬ್ಬಸ ಇರುವವರಿದ್ದರೆ ಈ ಕೆಲಸವನ್ನು ಮುಂದೂಡಬೇಡಿ.

ಮೊದಲ ಹಂತ: ನೀರು ಎಲ್ಲಿಂದ ಬರುತ್ತಿದೆ?

ಬೂಷ್ಟು ಕುಳಿತಿರುವ ಜಾಗವೇ ಅರ್ಧ ಉತ್ತರ ಹೇಳುತ್ತದೆ. ಚಾವಣಿಯ ಮೂಲೆಗಳಲ್ಲಿ, ಗೋಡೆಯ ಮೇಲಿನ ಒಂದೆರಡು ಅಡಿಯಲ್ಲಿ ಮತ್ತು ಹೊರಗಿನ ಮಳೆಗೆ ಒಡ್ಡಿಕೊಂಡ ಗೋಡೆಯ ಮೇಲೆ ಚುಕ್ಕೆಗಳು ಸಮನಾಗಿ ಎರಚಿದಂತಿದ್ದರೆ ಅದು ಹೆಚ್ಚಾಗಿ ಸ್ನಾನದ ಹಬೆಯ ಕೆಲಸ. ಚಾವಣಿಯ ಒಂದೇ ಜಾಗದಲ್ಲಿ ಕಂದು ಬಣ್ಣದ ಬಳೆಯಾಕಾರದ ಕಲೆಯಿದ್ದು ಅದರ ಸುತ್ತ ಬೂಷ್ಟಿದ್ದರೆ ಮೇಲಿನಿಂದ ನೀರು ಜಿನುಗುತ್ತಿದೆ. ಬಚ್ಚಲುಮನೆಗೆ ಅಂಟಿಕೊಂಡ ಮಲಗುವ ಕೋಣೆಯ ಗೋಡೆಯಲ್ಲಿ, ನೆಲದಿಂದ ಒಂದೆರಡು ಅಡಿ ಎತ್ತರದವರೆಗೆ ಪುಟ್ಟಿ ಉಬ್ಬಿ ಬಣ್ಣ ಹಪ್ಪಳದಂತೆ ಏಳುತ್ತಿದ್ದರೆ, ಬಚ್ಚಲಿನ ನೆಲದ ಕೆಳಗೆ ನೀರು ನಿಂತು ಗೋಡೆಯೊಳಗೆ ಏರುತ್ತಿದೆ ಎಂದರ್ಥ. ಈ ಮೂರನೆಯ ಬಗೆಯೇ ಹೆಚ್ಚು ದುಬಾರಿ ರಿಪೇರಿಗೆ ಎಳೆಯುತ್ತದೆ, ಮತ್ತು ಜನ ಹೆಚ್ಚು ಕಾಲ ಬಣ್ಣ ಬಳಿದು ಮುಚ್ಚಿಡುವುದೂ ಇದನ್ನೇ.

ಹಬೆಯೋ ಗೋಡೆಯೊಳಗಿನ ನೀರೋ ಎಂಬ ಸಂದೇಹ ಉಳಿದರೆ ಒಂದು ಸರಳ ಪರೀಕ್ಷೆ ಇದೆ. ಒಂದು ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು, ಒರೆಸಿ ಒಣಗಿಸಿದ ಗೋಡೆಗೆ ನಾಲ್ಕೂ ಅಂಚುಗಳಲ್ಲಿ ಟೇಪ್ ಹಾಕಿ ಗಾಳಿಯಾಡದಂತೆ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿಗಟ್ಟಿದ್ದರೆ ಅದು ಕೋಣೆಯ ಹಬೆ. ಹಾಳೆಯ ಹಿಂದೆ, ಗೋಡೆಯ ಕಡೆಗೆ ಹನಿಗಳಿದ್ದರೆ ನೀರು ಗೋಡೆಯ ಒಳಗಿನಿಂದ ಬರುತ್ತಿದೆ. ಈ ಪರೀಕ್ಷೆಯನ್ನು ಟೈಲ್ಸ್ ಇಲ್ಲದ ಭಾಗದಲ್ಲಿ ಅಥವಾ ಮಲಗುವ ಕೋಣೆಯ ಬದಿಯಿಂದ ಮಾಡಿದರೆ ಫಲಿತಾಂಶ ನಂಬುವಂತಿರುತ್ತದೆ.

ಒಳಗಿನ ನೀರು ಎಂದಾದರೆ ಅದು ಒತ್ತಡದ ಪೈಪಿನದೋ ಚರಂಡಿಯ ಪೈಪಿನದೋ ನೆಲದ ಸಂದಿನದೋ ಎಂದು ಬೇರ್ಪಡಿಸಬೇಕು. ರಾತ್ರಿ ಎಲ್ಲರೂ ಮಲಗಿದ ಮೇಲೆ ಎಲ್ಲ ನಲ್ಲಿಗಳನ್ನೂ ಫ್ಲಶ್ ಟ್ಯಾಂಕಿನ ವಾಲ್ವನ್ನೂ ಮುಚ್ಚಿ, ಮೇಲಿನ ಟ್ಯಾಂಕಿನ ನೀರಿನ ಮಟ್ಟವನ್ನು ಗುರುತು ಹಾಕಿ, ಟ್ಯಾಂಕಿಗೆ ನೀರು ಏರದಂತೆ ಪಂಪನ್ನು ನಿಲ್ಲಿಸಿ ಬೆಳಿಗ್ಗೆ ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ಪೈಪು ಸೋರುತ್ತಿದೆ. ಆಗ ಪ್ಲಂಬರ್ ಕೈಪಂಪಿನಿಂದ ಪೈಪಿಗೆ ಒತ್ತಡ ಕೊಟ್ಟು ಮೀಟರಿನ ಮುಳ್ಳು ಇಳಿಯುವುದೇ ಎಂದು ನೋಡಿ ಖಚಿತಪಡಿಸುತ್ತಾರೆ. ಮಟ್ಟ ಇಳಿಯದಿದ್ದರೆ ಚರಂಡಿಯ ಬದಿ ಅಥವಾ ನೆಲವನ್ನು ಸಂಶಯಿಸಬೇಕು. ನೆಲದ ಜಾಲರಿಯ ಸುತ್ತಲಿನ ಸಂದು, ಕಮೋಡಿನ ಬುಡ, ಮತ್ತು ಗೋಡೆ–ನೆಲ ಕೂಡುವ ಅಂಚು ಇವು ಮೂರನ್ನು ಮೊದಲು ನೋಡಿ. ಬಿಳಿ ಸಿಮೆಂಟ್ ಕಿತ್ತುಹೋದ ಕೂದಲೆಳೆಯಷ್ಟು ಸಂದಿನಿಂದಲೂ ದಿನಕ್ಕೆ ಹಲವು ಬಾರಿ ನೀರು ಒಳಗೆ ಇಳಿಯುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ನೀರು ಮೇಲಿನ ಮನೆಯಿಂದ ಬರುತ್ತಿದ್ದರೆ ಪರೀಕ್ಷೆಯನ್ನು ಅವರ ಸಮ್ಮುಖದಲ್ಲಿಯೇ ಮಾಡುವುದು ಒಳ್ಳೆಯದು. ಅವರ ಬಚ್ಚಲಿನ ನೆಲದ ಜಾಲರಿಗೆ ತಿಂಡಿಗೆ ಬಳಸುವ ಕೆಂಪು ಬಣ್ಣ ಕಲಸಿದ ಒಂದು ಬಕೆಟ್ ನೀರನ್ನು ಬಿಟ್ಟು, ಕೆಳಗಿನ ಚಾವಣಿಯಲ್ಲಿ ಆ ಬಣ್ಣ ಇಳಿಯುವುದೇ ಎಂದು ಒಂದೆರಡು ದಿನ ಗಮನಿಸಬೇಕು. “ಸರ್, ನಿಮ್ಮ ಮನೆಯಿಂದಲೇ ಸೋರುತ್ತಿದೆ ಎಂದು ನಾನು ಹೇಳುತ್ತಿಲ್ಲ, ಇಬ್ಬರೂ ಸೇರಿ ಒಮ್ಮೆ ನೋಡಿಬಿಡೋಣ” ಎಂದು ಮಾತು ಆರಂಭಿಸಿದರೆ ವಾದ ಬೆಳೆಯುವ ಸಂಭವ ಕಡಿಮೆ. ಬಣ್ಣದ ನೀರು ಕಣ್ಣೆದುರೇ ಇಳಿದ ಮೇಲೆ ಯಾರೂ ಅದನ್ನು ಅಲ್ಲಗಳೆಯುವುದಿಲ್ಲ. ಬಾಡಿಗೆ ಮನೆಯಾದರೆ ದಿನಾಂಕ ಕಾಣುವಂತೆ ಫೋಟೊ ತೆಗೆದು ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ. ಸೋರುವ ಪೈಪಿನ ರಿಪೇರಿ ಬಾಡಿಗೆದಾರರ ಕೈಯಲ್ಲಿಲ್ಲ.

ಸೋರಿಕೆಯಿದ್ದರೆ ಅದರ ರಿಪೇರಿ ಆಗುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ನೆಲ ಕಿತ್ತು ವಾಟರ್‌ಪ್ರೂಫಿಂಗ್ ಮಾಡಿಸಬೇಕಾಗಿ ಬಂದರೆ ಟೈಲ್ಸ್ ಹಾಕುವ ಮೊದಲು ಜಾಲರಿಯನ್ನು ಮುಚ್ಚಿ ಕನಿಷ್ಠ 24 ಗಂಟೆ, ಸಾಧ್ಯವಿದ್ದರೆ 48 ಗಂಟೆ ನೀರು ನಿಲ್ಲಿಸಿ, ಕೆಳಗಿನ ಚಾವಣಿ ಮತ್ತು ಪಕ್ಕದ ಗೋಡೆ ತೇವವಾಗುವುದಿಲ್ಲ ಎಂಬುದನ್ನು ನೀವೇ ನಿಂತು ನೋಡಿ. ಮೇಸ್ತ್ರಿ ಅವಸರ ಮಾಡಿದರೂ ಈ ಪರೀಕ್ಷೆಯನ್ನು ಬಿಡಬೇಡಿ, ಟೈಲ್ಸ್ ಕೂತ ಮೇಲೆ ತಪ್ಪು ಕಂಡುಬಂದರೆ ಮತ್ತೆ ಎಲ್ಲವನ್ನೂ ಒಡೆಯಬೇಕಾಗುತ್ತದೆ.

ಎರಡನೆಯ ಹಂತ: ಕೆಲಸಕ್ಕೆ ಮುನ್ನ ಸುರಕ್ಷತೆ

ಎನ್‌95 ಮಾಸ್ಕ್, ಮೊಣಕೈವರೆಗಿನ ರಬ್ಬರ್ ಗ್ಲೌಸ್ ಮತ್ತು ಕಣ್ಣಿಗೆ ಕನ್ನಡಕ ಬೇಕು. ಟವೆಲ್, ಬ್ರಷ್, ಸೋಪುಗಳನ್ನು ಹೊರಗಿಡಿ. ಗೀಸರಿನ ಸ್ವಿಚ್ಚನ್ನಷ್ಟೇ ಅಲ್ಲ, ವಿದ್ಯುತ್ ಬೋರ್ಡಿನಲ್ಲಿರುವ ಅದರ ಎಂಸಿಬಿ ಸ್ವಿಚ್ಚನ್ನೂ ಇಳಿಸಿ. ಮನೆಯ ಕಡೆಗಿನ ಬಾಗಿಲನ್ನು ಮುಚ್ಚಿ, ಹೊರಗಿನ ಕಿಟಕಿಯನ್ನು ಪೂರ್ತಿ ತೆರೆದು, ಗಾಳಿಯನ್ನು ಹೊರಗೆಸೆಯುವ ಫ್ಯಾನ್ ಇದ್ದರೆ ಹಾಕಿರಿ. ಕಿಟಕಿಯೂ ಫ್ಯಾನೂ ಇಲ್ಲದ ಬಚ್ಚಲಿನಲ್ಲಿ ಬ್ಲೀಚ್ ಬಳಸಲೇಬೇಡಿ. ಉಬ್ಬಸ ಇರುವವರು, ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಈ ಕೆಲಸ ಮಾಡಬಾರದು.

ಇಡೀ ಲೇಖನದಲ್ಲಿ ಒಂದೇ ಎಚ್ಚರಿಕೆಯನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಿರಲಿ: ಬ್ಲೀಚನ್ನು ಬೇರೆ ಯಾವ ಕ್ಲೀನರಿನೊಂದಿಗೂ ಬೆರೆಸಬೇಡಿ. ನಮ್ಮ ಅನೇಕ ಟಾಯ್ಲೆಟ್ ಕ್ಲೀನರುಗಳಲ್ಲಿ ಮತ್ತು ಬಾಟಲಿಯಲ್ಲಿ ಬಿಡಿಯಾಗಿ ಮಾರುವ ಬಾತ್‌ರೂಮ್ ಆ್ಯಸಿಡ್‌ನಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಅದು ಬ್ಲೀಚಿನೊಂದಿಗೆ ಸೇರಿದ ಕ್ಷಣವೇ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ, ಪ್ರಾಣವನ್ನೂ ತೆಗೆಯಬಲ್ಲದು. ವಿನೆಗರ್ ಮತ್ತು ನಿಂಬೆರಸವೂ ಆಮ್ಲಗಳೇ. ಅಮೋನಿಯಾ ಇರುವ ಗಾಜು ಒರೆಸುವ ದ್ರವವೂ ಬ್ಲೀಚಿನ ಜೊತೆ ವಿಷಾನಿಲ ಬಿಡುತ್ತದೆ. ಬ್ಲೀಚಿಂಗ್ ಪೌಡರಿಗೂ ಇದೇ ನಿಯಮ. ಒಂದು ದಿನ ಆ್ಯಸಿಡ್ ಬಳಸಿದ್ದರೆ, ಧಾರಾಳ ನೀರಿನಿಂದ ತೊಳೆದು ಬ್ಲೀಚನ್ನು ಇನ್ನೊಂದು ದಿನ ಬಳಸಿ. ಮನೆಕೆಲಸಕ್ಕೆ ಬರುವವರಿಗೂ ಇದನ್ನು ತಿಳಿಹೇಳುವುದು ಮನೆಯವರ ಕರ್ತವ್ಯ.

ಮೂರನೆಯ ಹಂತ: ಟೈಲ್ಸ್ ಮತ್ತು ಸಂದುಗಳನ್ನು ತೊಳೆಯುವುದು

ಒಣಗಿದ ಬೂಷ್ಟನ್ನು ಬ್ರಷ್‌ನಿಂದ ಗೀಚಬೇಡಿ, ಪೊರಕೆಯಿಂದ ಗುಡಿಸಬೇಡಿ. ಹಾಗೆ ಮಾಡಿದರೆ ಬೀಜಕಣಗಳು ಮನೆಯಿಡೀ ಹಾರುತ್ತವೆ. ಒಂದು ಬಕೆಟ್ ಬೆಚ್ಚಗಿನ ನೀರಿಗೆ ಒಂದೆರಡು ಚಮಚ ಬಟ್ಟೆ ಸೋಪಿನ ಪುಡಿ ಹಾಕಿ, ಆ ನೀರಿನಿಂದ ಗೋಡೆಯನ್ನು ಮೊದಲು ಚೆನ್ನಾಗಿ ನೆನೆಸಿ. ಐದು ನಿಮಿಷ ಬಿಟ್ಟು ನೈಲಾನ್ ಬ್ರಷ್‌ನಿಂದ, ಸಂದುಗಳಿಗೆ ಹಳೆಯ ಟೂತ್‌ಬ್ರಷ್‌ನಿಂದ, ಮೇಲಿನಿಂದ ಕೆಳಕ್ಕೆ ಉಜ್ಜಿ. ಬೂಷ್ಟಿನ ಆಹಾರವಾದ ಸೋಪಿನ ಪೊರೆ ಮತ್ತು ಜಿಡ್ಡು ಈಗಲೇ ಹೋಗಬೇಕು. ಜಿಡ್ಡು ಉಳಿದರೆ ಅದರ ಮೇಲೆ ಹಾಕಿದ ಬ್ಲೀಚ್ ಜಿಡ್ಡಿನಲ್ಲಿಯೇ ಖರ್ಚಾಗಿಬಿಡುತ್ತದೆ. ಬ್ಲೀಚ್ ಹಾಕುವ ಮೊದಲು ಸೋಪಿನ ನೀರನ್ನು ಪೂರ್ತಿ ತೊಳೆದುಬಿಡಿ. ಅನೇಕ ಮನೆಗಳಲ್ಲಿ ಈ ಸೋಪಿನ ತೊಳೆತವೊಂದರಿಂದಲೇ ಟೈಲ್ಸ್‌ನ ಮೇಲ್ಮೈ ಸ್ವಚ್ಛವಾಗಿ, ಕಪ್ಪು ಸಂದುಗಳಲ್ಲಷ್ಟೇ ಉಳಿಯುತ್ತದೆ.

ಆ ಸಂದುಗಳಿಗೆ ಮಾತ್ರ ಬ್ಲೀಚ್ ಬಳಸಿ. ಅಂಗಡಿಯಲ್ಲಿ ಸಿಗುವ ಮನೆಬಳಕೆಯ ಬ್ಲೀಚನ್ನು ಒಂದು ಲೀಟರ್ ತಣ್ಣೀರಿಗೆ ಸುಮಾರು 60 ಮಿಲಿಲೀಟರ್ ಬೆರೆಸಿದರೆ ಸಾಕು. ಬಿಸಿನೀರಿನಲ್ಲಿ ಅದರ ಶಕ್ತಿ ಬೇಗ ಕುಂದುತ್ತದೆ, ಘಾಟು ಹೆಚ್ಚುತ್ತದೆ. ಬೆರೆಸಿದ್ದನ್ನು ಅದೇ ದಿನ ಮುಗಿಸಿ. ಸ್ಪ್ರೇ ಮಾಡುವುದಕ್ಕಿಂತ ಬಟ್ಟೆ ಅಥವಾ ಬ್ರಷ್‌ನಿಂದ ಹಚ್ಚುವುದು ಮೇಲು. ಹತ್ತು–ಹದಿನೈದು ನಿಮಿಷ ಒದ್ದೆಯಾಗಿಯೇ ಇರುವಂತೆ ನೋಡಿಕೊಂಡು, ಅಷ್ಟು ಹೊತ್ತು ನೀವು ಹೊರಗಿದ್ದು, ಬಳಿಕ ಧಾರಾಳ ನೀರಿನಿಂದ ತೊಳೆಯಿರಿ. ಬೂಷ್ಟು ಸತ್ತರೂ ಅದರ ಕಣಗಳು ಅಲರ್ಜಿ ತರಬಲ್ಲವು, ಆದ್ದರಿಂದ ಕೊಂದು ಬಿಡುವುದು ಸಾಲದು, ಒರೆಸಿ ತೆಗೆಯಲೇಬೇಕು. ಬಳಸಿದ ಬಟ್ಟೆಯನ್ನು ಮತ್ತೆ ಬಳಸದೆ ಚೀಲದಲ್ಲಿ ಕಟ್ಟಿ ಬಿಸಾಡಿ.

ಬ್ಲೀಚಿನ ಘಾಟು ಸಹಿಸಲಾರದವರಿಗೆ ಹೈಡ್ರೋಜನ್ ಪೆರಾಕ್ಸೈಡ್ ಒಳ್ಳೆಯ ಪರ್ಯಾಯ. ಔಷಧಿ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಶೇ 6ರದ್ದು. ಅದಕ್ಕೆ ಅಷ್ಟೇ ನೀರು ಬೆರೆಸಿ ಶೇ 3ಕ್ಕೆ ಇಳಿಸಿ, ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿ. ಬಿಳಿ ವಿನೆಗರ್ ಕೂಡ ಕೆಲವು ಜಾತಿಯ ಬೂಷ್ಟಿಗೆ ನಾಟುತ್ತದೆ, ಆದರೆ ಅಮೃತಶಿಲೆ, ಶಹಾಬಾದ್ ಕಲ್ಲು ಮತ್ತು ಕಡಪ ಕಲ್ಲಿನ ಮೇಲೆ ಅದನ್ನು ಹಾಕಬೇಡಿ. ಇವೆಲ್ಲ ಸುಣ್ಣದ ಅಂಶದ ಕಲ್ಲುಗಳು; ಆಮ್ಲ ತಾಗಿದರೆ ಹೊಳಪು ಹೋಗಿ ಮೈ ತರಿತರಿಯಾಗುತ್ತದೆ.

ಬೋರ್‌ವೆಲ್ ನೀರಿನ ಊರುಗಳಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಗಡಸು ನೀರಿನ ಬಿಳಿ ಕಲೆ ತೆಗೆಯಲು ತಿಂಗಳಿಗೊಮ್ಮೆ ಆ್ಯಸಿಡ್ ಹಾಕುವ ಮನೆಗಳಲ್ಲಿ ಟೈಲ್ಸ್ ಮಿರುಗುತ್ತದೆ, ಆದರೆ ಸಂದಿನ ಸಿಮೆಂಟು ಪ್ರತಿ ಬಾರಿಯೂ ಸ್ವಲ್ಪ ಸ್ವಲ್ಪ ಕರಗುತ್ತದೆ. ಉಗುರಿನಿಂದ ಕೆರೆದು ನೋಡಿ: ಸಂದು ಮರಳು ಮರಳಾಗಿ ಉದುರಿದರೆ, ಸಣ್ಣ ಸಣ್ಣ ತೂತುಗಳು ಕಂಡರೆ, ಅದು ಆ್ಯಸಿಡ್ ತಿಂದ ಗ್ರೌಟ್, ಅಂದರೆ ಸಂದು ತುಂಬಿದ ಸಿಮೆಂಟು. ಆ ತೂತುಗಳಲ್ಲಿ ನೀರೂ ಸೋಪೂ ನಿಂತು ಬೂಷ್ಟು ಆಳಕ್ಕೆ ಇಳಿಯುತ್ತದೆ, ಅದರ ಕೆಳಗೆ ಗೋಡೆಗೂ ನೀರು ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಬಚ್ಚಲುಮನೆಯ ಗೋಡೆಗೆ ಆ್ಯಸಿಡ್ ಹಾಕುವುದನ್ನು ಸಂಪೂರ್ಣವಾಗಿ ನಿಲ್ಲಿಸಬೇಕು. ಸ್ನಾನದ ನಂತರ ಗೋಡೆಯ ನೀರನ್ನು ಇಳಿಸಿಬಿಟ್ಟರೆ ಗಡಸು ನೀರಿನ ಕಲೆಯೂ ಅಷ್ಟಾಗಿ ಕೂರುವುದಿಲ್ಲ.

ಹೀಗೆ ಸವೆದ ಗ್ರೌಟನ್ನು ತೊಳೆದು ಪ್ರಯೋಜನವಿಲ್ಲ. ಗ್ರೌಟ್ ಕೆರೆಯುವ ಉಳಿಯಿಂದ ಎರಡು–ಮೂರು ಮಿಲಿಮೀಟರ್ ಆಳದವರೆಗೆ ತೆಗೆದು, ಒಣಗಿಸಿ, ಎಪಾಕ್ಸಿ ಗ್ರೌಟ್ ತುಂಬಿಸಿ. ಬಿಳಿ ಸಿಮೆಂಟಿಗಿಂತ ಬೆಲೆ ಹೆಚ್ಚಾದರೂ ಅದು ನೀರು ಹೀರುವುದಿಲ್ಲ. ವಾಶ್ ಬೇಸಿನ್ ಮತ್ತು ಗೋಡೆಯ ನಡುವಿನ ಸಿಲಿಕೋನ್ ಪಟ್ಟಿಯ ಒಳಗೇ ಕಪ್ಪು ಹೊಕ್ಕಿದ್ದರೆ ಅದನ್ನು ಬ್ಲೇಡಿನಿಂದ ಪೂರ್ತಿ ಕತ್ತರಿಸಿ ತೆಗೆದು, ಜಾಗವನ್ನು ಒಣಗಿಸಿ, ಶಿಲೀಂಧ್ರ ನಿರೋಧಕ ಸಿಲಿಕೋನ್ ಹಾಕಿ, 24 ಗಂಟೆ ನೀರು ತಾಗಿಸಬೇಡಿ. ಹಳೆಯ ಪಟ್ಟಿಯ ಮೇಲೆಯೇ ಹೊಸತನ್ನು ಹಾಕಿದರೆ ಅದು ಅಂಟುವುದಿಲ್ಲ.

ನಾಲ್ಕನೆಯ ಹಂತ: ಬಣ್ಣದ ಗೋಡೆ ಮತ್ತು ಚಾವಣಿ

ಟೈಲ್ಸ್‌ನಂತೆ ಬಣ್ಣದ ಗೋಡೆಯನ್ನು ನೀರು ಸುರಿದು ತೊಳೆಯಬಾರದು. ಬ್ಲೀಚ್ ಕೂಡ ಇಲ್ಲಿ ಅಷ್ಟು ಉಪಯೋಗವಿಲ್ಲ, ಏಕೆಂದರೆ ಅದರ ಕೆಲಸ ಹೆಚ್ಚಾಗಿ ಮೇಲ್ಮೈಗೇ ಮುಗಿಯುತ್ತದೆ, ಒಳಗಿನ ಬೇರು ಉಳಿಯುತ್ತದೆ, ಬಣ್ಣ ಮಾಸುತ್ತದೆ. ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಪ್ರತಿ ಬಾರಿಯೂ ಬಟ್ಟೆಯ ಸ್ವಚ್ಛ ಮಗ್ಗುಲನ್ನೇ ಬಳಸಿ. ಅನಂತರ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಬಿಳಿಗಾರವನ್ನು (ಬೋರಾಕ್ಸ್) ಒಂದು ಲೀಟರ್ ಬೆಚ್ಚಗಿನ ನೀರಿಗೆ 40ರಿಂದ 50 ಗ್ರಾಂ ಕರಗಿಸಿ ಹಚ್ಚಿ ಹಾಗೆಯೇ ಒಣಗಲು ಬಿಡಿ. ಬಿಳಿಗಾರಕ್ಕೆ ಘಾಟಿಲ್ಲ, ಮತ್ತು ಗೋಡೆಯಲ್ಲಿ ಉಳಿದು ಮತ್ತೆ ಬೆಳೆಯುವುದನ್ನು ನಿಧಾನಿಸುತ್ತದೆ. ಆದರೆ ಹೊಟ್ಟೆಗೆ ಹೋದರೆ ಅದು ವಿಷ. ಮಕ್ಕಳ ಕೈಗೆ ಎಟುಕುವ ಎತ್ತರದ ಗೋಡೆಗೆ ಹಚ್ಚಬೇಡಿ, ಉಳಿದ ಪುಡಿಯನ್ನು ಅಡುಗೆಮನೆಯಲ್ಲಿ ಇಡಬೇಡಿ.

ಬಣ್ಣ ಸುಲಿದಿದ್ದರೆ, ಪುಟ್ಟಿ ಉಬ್ಬಿದ್ದರೆ, ತಟ್ಟಿದಾಗ ಟೊಳ್ಳು ಶಬ್ದ ಬಂದರೆ ಒದ್ದೆ ಮಾಡಿಕೊಂಡು ಗಾರೆ ಕಾಣುವವರೆಗೆ ಕೆರೆದು ತೆಗೆಯಿರಿ. ಜಿಪ್ಸಂ ಬೋರ್ಡಿನ ಫಾಲ್ಸ್ ಸೀಲಿಂಗ್‌ಗೆ ಬೂಷ್ಟು ಹಿಡಿದಿದ್ದರೆ ಅದನ್ನು ಉಳಿಸಿಕೊಳ್ಳಲು ಪ್ರಯತ್ನಿಸಬೇಡಿ, ಅದರ ಕಾಗದದ ಪದರವೇ ಬೂಷ್ಟಿನ ಆಹಾರ. ಬಿಚ್ಚಿದಾಗ ಮೇಲಿನ ಪೈಪುಗಳನ್ನೂ ಒಮ್ಮೆ ನೋಡಿಬಿಡಿ.

ಮುಂದಿನದು ತಾಳ್ಮೆಯ ಕೆಲಸ. ಗಾರೆ ಹೊರನೋಟಕ್ಕೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ತೇವ ಉಳಿದಿರುತ್ತದೆ. ಮೇಲೆ ಹೇಳಿದ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಮತ್ತೆ ಮಾಡಿ, ಹಾಳೆಯ ಹಿಂದೆ ಹನಿ ಕಾಣದಿದ್ದಾಗ ಮಾತ್ರ ಬಣ್ಣಕ್ಕೆ ಕೈಹಾಕಿ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ನಡುವೆ ಬಣ್ಣ ಬಳಿಸುವುದು ಹಣ ನೀರಿಗೆ ಹಾಕಿದಂತೆ. ತೊಳೆಯುವುದನ್ನು ಈಗ ಮುಗಿಸಿ, ಬಣ್ಣವನ್ನು ಡಿಸೆಂಬರಿನ ನಂತರಕ್ಕೆ ಇಟ್ಟುಕೊಳ್ಳಿ. ಬಚ್ಚಲಿಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೇಡ, ಬಿಳಿ ಸಿಮೆಂಟ್ ಆಧಾರಿತ ಪುಟ್ಟಿ ಇರಲಿ, ಪ್ರೈಮರಿನ ಮೇಲೆ ಶಿಲೀಂಧ್ರ ನಿರೋಧಕ ಎಂದು ಬರೆದಿರುವ ಬಣ್ಣದ ಎರಡು ಕೋಟ್ ಸಾಕು. ಹಳೆಯ ಮಣ್ಣಿನ ಅಥವಾ ಸುಣ್ಣದ ಗಾರೆಯ ಗೋಡೆಯಿದ್ದರೆ ಪ್ಲಾಸ್ಟಿಕ್ ಬಣ್ಣಕ್ಕಿಂತ ಸುಣ್ಣವೇ ಉತ್ತಮ: ಅದು ಗೋಡೆಯ ತೇವವನ್ನು ಹೊರಬಿಡುತ್ತದೆ.

ಐದನೆಯ ಹಂತ: ಗಾಳಿ ಮತ್ತು ದಿನನಿತ್ಯದ ಅಭ್ಯಾಸ

ಎಕ್ಸಾಸ್ಟ್ ಫ್ಯಾನ್ ಹಾಕಿಸುವಾಗ ಅದರ ಪೆಟ್ಟಿಗೆಯ ಮೇಲೆ ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಎಳೆಯುತ್ತದೆ ಎಂಬ ಅಂಕಿಯನ್ನು ನೋಡಿ. 10 ಘನ ಮೀಟರಿನ ಕೋಣೆಗೆ ಗಂಟೆಗೆ 100 ಘನ ಮೀಟರ್ ಎಳೆಯುವ ಸಾಮರ್ಥ್ಯವಿದ್ದರೆ ಗಾಳಿ ಗಂಟೆಗೆ ಹತ್ತು ಬಾರಿ ಬದಲಾಗುತ್ತದೆ, ಮತ್ತು ಆರು ಇಂಚಿನ ಸಾಮಾನ್ಯ ಫ್ಯಾನಿಗೆ ಇದು ಕಷ್ಟವಲ್ಲ. ಆದರೆ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕಲ್ಲವೇ? ಬಾಗಿಲಿನ ಕೆಳಗೆ ಎರಡು ಸೆಂಟಿಮೀಟರಿನಷ್ಟಾದರೂ ಸಂದು ಇಲ್ಲದಿದ್ದರೆ ಫ್ಯಾನ್ ಬರೀ ಸದ್ದು ಮಾಡುತ್ತದೆ. ಒಂದು ತುಂಡು ಟಿಶ್ಯೂ ಕಾಗದವನ್ನು ಫ್ಯಾನಿನ ಜಾಲರಿಗೆ ಹಿಡಿದಾಗ ಅದು ಅಂಟಿಕೊಂಡು ನಿಂತರೆ ಎಳೆತ ಸರಿಯಿದೆ. ಫ್ಯಾನ್ ಸ್ನಾನಕ್ಕೆ ಮುನ್ನ ಶುರುವಾಗಿ, ಸ್ನಾನ ಮುಗಿದ ಮೇಲೂ ಅರ್ಧ ಗಂಟೆ ಓಡಲಿ.

ಸ್ನಾನ ಮುಗಿಸಿದವರು ಒಂದು ನಿಮಿಷ ನಿಂತು ಸಣ್ಣ ವೈಪರಿನಿಂದ ಗೋಡೆಯ ನೀರನ್ನು ಕೆಳಕ್ಕೆ ಎಳೆಯುವುದು ಎಲ್ಲ ರಾಸಾಯನಿಕಗಳಿಗಿಂತ ಹೆಚ್ಚು ಫಲ ಕೊಡುವ ಅಭ್ಯಾಸ. ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟು ಅನಂತರ ಬಿಸಿನೀರು ಬಿಟ್ಟರೆ ಹಬೆ ಕಡಿಮೆ ಏಳುತ್ತದೆ. ಒದ್ದೆ ಟವೆಲ್ ಮತ್ತು ತೊಳೆದ ಬಟ್ಟೆಯನ್ನು ಬಚ್ಚಲಿನಲ್ಲಿ ಒಣಗಹಾಕಬೇಡಿ. ಕಿಟಕಿಯಿಲ್ಲದ ಅಟ್ಯಾಚ್ಡ್ ಬಚ್ಚಲಿನ ಬಾಗಿಲನ್ನು ಸ್ನಾನವಾದ ಕೂಡಲೇ ತೆರೆದಿಟ್ಟರೆ ಹಬೆಯೆಲ್ಲ ಮಲಗುವ ಕೋಣೆಗೆ ಹೋಗಿ ಕಪಾಟಿನ ಬಟ್ಟೆ ಮತ್ತು ಚರ್ಮದ ಚೀಲಗಳಿಗೆ ಬೂಷ್ಟು ಹಿಡಿಯುತ್ತದೆ; ಫ್ಯಾನ್ ಸ್ವಲ್ಪ ಹೊತ್ತು ಓಡಿದ ಮೇಲೆ ತೆರೆಯಿರಿ.

ಗ್ಯಾಸ್ ಗೀಸರ್ ಇರುವ ಮನೆಯವರಿಗೆ ಪ್ರತ್ಯೇಕವಾಗಿ ಹೇಳಬೇಕಾದ ಮಾತಿದೆ. ಎಲ್‌ಪಿಜಿ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ, ಹೀಗಾಗಿ ಬಚ್ಚಲಿನ ಒಳಗೇ ಇರುವ ಗ್ಯಾಸ್ ಗೀಸರ್ ತೇವವನ್ನೂ ಹೆಚ್ಚಿಸುತ್ತದೆ. ಅದಕ್ಕಿಂತ ಬಹಳ ಗಂಭೀರವಾದದ್ದು ಕಾರ್ಬನ್ ಮೊನಾಕ್ಸೈಡ್. ಮುಚ್ಚಿದ ಬಚ್ಚಲಿನಲ್ಲಿ ವಾಸನೆಯಿಲ್ಲದ ಆ ಅನಿಲದಿಂದ ಜನ ಪ್ರಾಣ ಕಳೆದುಕೊಂಡಿದ್ದಾರೆ. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗಕ್ಕೆ ಸ್ಥಳಾಂತರಿಸಿ.

ಆಗುಂಬೆ, ಮಡಿಕೇರಿಯಂತಹ ಕಡೆ ಜುಲೈನಲ್ಲಿ ಹೊರಗಿನ ಗಾಳಿಯೇ ನೀರು ಕುಡಿದಿರುತ್ತದೆ, ಆಗ ಕಿಟಕಿ ತೆರೆದು ಏನು ಪ್ರಯೋಜನ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ 22 ಡಿಗ್ರಿಯ, ಶೇ 95 ಆರ್ದ್ರತೆಯ ಗಾಳಿ ಒಳಗೆ ಬಂದು 26 ಡಿಗ್ರಿಗೆ ಬೆಚ್ಚಗಾದರೆ ಅದರ ಸಾಪೇಕ್ಷ ಆರ್ದ್ರತೆ ಶೇ 75ರ ಸುಮಾರಿಗೆ ಇಳಿಯುತ್ತದೆ. ಅಂದರೆ ನಾಲ್ಕು ಡಿಗ್ರಿಯ ಬಿಸಿಯೂ ಗೋಡೆಯನ್ನು ಒಣಗಿಸುವ ಕಡೆಗೆ ಕೆಲಸ ಮಾಡುತ್ತದೆ, ಹಂಡೆಯೊಲೆ ಮಾಡುತ್ತಿದ್ದದ್ದೂ ಇದನ್ನೇ. ಮಳೆ ಬಿಡದ ವಾರಗಳಲ್ಲಿ, ಅದರಲ್ಲೂ ಉಬ್ಬಸದವರಿರುವ ಮನೆಯಲ್ಲಿ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಯಂತ್ರವೊಂದನ್ನು ಬಚ್ಚಲಿನ ಹೊರಬಾಗಿಲಿನ ಬಳಿ ಇಟ್ಟು ಒಳಗಿನ ಆರ್ದ್ರತೆಯನ್ನು ಶೇ 60ಕ್ಕಿಂತ ಕೆಳಗೆ ತರುವುದು ಖರ್ಚಿಗೆ ತಕ್ಕ ಕೆಲಸ. ಬಟ್ಟಲಿನಲ್ಲಿಟ್ಟ ಉಪ್ಪು, ಕರ್ಪೂರ, ನುಸಿಗುಳಿಗೆ ಇವು ವಾಸನೆಯನ್ನು ಮರೆಸಬಹುದೇ ಹೊರತು ಗೋಡೆಯನ್ನು ಒಣಗಿಸಲಾರವು.

ತಜ್ಞರನ್ನು ಕರೆಯಬೇಕಾದ ಸಂದರ್ಭ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆಯಂತೆ ಸುಮಾರು 10 ಚದರಡಿಗಿಂತ ಕಡಿಮೆ ಹರಡಿದ ಬೂಷ್ಟನ್ನು ಮನೆಯವರೇ ತೊಳೆಯಬಹುದು. ಅದಕ್ಕಿಂತ ದೊಡ್ಡದಾಗಿ ಹರಡಿದ್ದರೆ, ಟಾಯ್ಲೆಟ್ಟಿನ ಕೊಳಕು ನೀರು ಗೋಡೆಗೆ ನುಗ್ಗಿದ್ದರೆ, ಸ್ವಿಚ್ ಬೋರ್ಡಿನ ಸುತ್ತ ತೇವ ಬಂದಿದ್ದರೆ ಅಥವಾ ಚಾವಣಿಯ ಕಾಂಕ್ರೀಟಿನಲ್ಲಿ ಬಿರುಕು ಮೂಡಿ ತುಕ್ಕಿನ ಕಲೆ ಇಳಿಯುತ್ತಿದ್ದರೆ ನೀವೇ ಕೈಹಾಕಬೇಡಿ. ತುಕ್ಕಿನ ಕಲೆ ಕಂಡಿತೆಂದರೆ ಒಳಗಿನ ಕಬ್ಬಿಣ ಊದಿಕೊಳ್ಳುತ್ತಿದೆ. ಬಣ್ಣದವರಿಗಿಂತ ಮೊದಲು ಕಟ್ಟಡದ ಎಂಜಿನಿಯರ್ ನೋಡಬೇಕು.

ತೊಳೆದು ಬಣ್ಣ ಬಳಿದ ಮೇಲೂ ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಟಾರ್ಚ್ ಹಿಡಿದು ಮೂಲೆಗಳನ್ನು ನೋಡುತ್ತಿರಿ. ಚುಕ್ಕೆಗಳು ಹಳೆಯ ಜಾಗದಲ್ಲಿಯೇ ಮರಳಿ ಬಂದರೆ ಒಳಗಿನ ಸೋರಿಕೆ ನಿಂತಿಲ್ಲ. ಬೇರೆ ಬೇರೆ ಕಡೆ ತೆಳುವಾಗಿ ಬಂದರೆ ಗಾಳಿ ಸಾಲುತ್ತಿಲ್ಲ. ಪ್ರತಿ ವರ್ಷ ಮೇ ತಿಂಗಳ ಬಿಸಿಲಿನಲ್ಲಿ ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗಳ ಧೂಳು ತೆಗೆಯುವುದು, ಹೊರಗೋಡೆಯ ಬಿರುಕು ಮತ್ತು ಕಿಟಕಿಯ ಮೇಲಿನ ಸಜ್ಜದ ಸಂದುಗಳನ್ನು ಮುಚ್ಚಿಸುವುದು, ಕಮೋಡಿನ ಬುಡ ಮತ್ತು ಜಾಲರಿಯ ಸುತ್ತಲಿನ ಗ್ರೌಟನ್ನು ಪರೀಕ್ಷಿಸುವುದು, ಇಷ್ಟನ್ನು ಮೊದಲ ಮಳೆ ಬೀಳುವ ಮುನ್ನ ಮುಗಿಸಿಕೊಳ್ಳಿ.